ಟರ್ನ್‌ನಲ್ಲಿ ಆಲ್-ಇನ್ ಬಂತು, ನನ್ನದು ಎಕ್ಕದ ಫ್ಲಶ್ ಡ್ರಾ. ಕಾಲ್ ಮಾಡಬೇಕಿತ್ತಾ?

ಪ್ರಶ್ನೆ:
ಆನ್‌ಲೈನ್ ಹೋಲ್ಡೆಮ್ ಪೋಕರ್, ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್) 1/2. ನನ್ನ ಕೈಯಲ್ಲಿ ಆಟೀನ್ ಎಕ್ಕ, ಆಟೀನ್ 8. ಫ್ಲಾಪ್‌ಗೆ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ಆಟೀನ್ ರಾಜ, ಆಟೀನ್ 7, ಇಸ್ಪೀಟ್ 2 ಬಂತು. ಇನ್ನೊಂದು ಆಟೀನ್ ಬಂದರೆ ಒಂದೇ ಜಾತಿಯ ಐದು ಎಲೆ, ಅಂದರೆ ಫ್ಲಶ್. ಎದುರಾಳಿ ಬೆಟ್ ಹಾಕಿದ, ಕಾಲ್ ಮಾಡಿದೆ (ನಾನೂ ಅಷ್ಟೇ ಹಾಕಿದೆ). ಟರ್ನ್‌ಗೆ ನಾಲ್ಕನೇ ಎಲೆ, ಕಳಾವರ್ ಜಾಕಿ. ಪಾಟ್‌ನಲ್ಲಿ (ಗೆದ್ದವನಿಗೆ ಸೇರುವ ರಾಶಿ) 80 ಚಿಪ್ಸ್ ಇತ್ತು. ಅವನು ಉಳಿದ 60ನ್ನೂ ತಳ್ಳಿ ಆಲ್-ಇನ್ ಹೋದ. ಟೈಮರ್ ಓಡುತ್ತಿತ್ತು, ಫೋಲ್ಡ್ ಮಾಡಿದೆ (ಎಲೆ ಬಿಟ್ಟುಕೊಟ್ಟೆ). ಇದು ಸರಿಯಾ?

ಉತ್ತರ 1:
ನಾನಾಗಿದ್ದರೆ ಬಿಡುತ್ತಿರಲಿಲ್ಲ. ಇನ್ನೂ 9 ಆಟೀನ್ ಬಾಕಿ, ಜೊತೆಗೆ 3 ಎಕ್ಕ. 12 ಎಲೆ ನಿಮ್ಮ ಕಡೆ. ಸುಮಾರು 45% ಅಲ್ವಾ?

ಉತ್ತರ 2:
ಆ 45% ಫ್ಲಾಪ್‌ನ ಲೆಕ್ಕ, ಇನ್ನೂ ಎರಡು ಎಲೆ ಬರುವಾಗಿನದು. ಇಲ್ಲಿ ಬಾಕಿ ಇರುವುದು ಕೊನೆಯ ಎಲೆ, ಅಂದರೆ ರಿವರ್ ಒಂದೇ. ನೀವು ನೋಡದ ಎಲೆ 46. ಅದರಲ್ಲಿ 12 ಅಂದರೆ 26%.

ಈಗ ಬೆಲೆ ನೋಡಿ. 60 ಹಾಕಿದರೆ ಒಟ್ಟು ಪಾಟ್ 200 ಆಗುತ್ತದೆ. 200ರಲ್ಲಿ 60, ಅಂದರೆ ಕನಿಷ್ಠ 30% ಸಲ ಗೆಲ್ಲಬೇಕು. ಫ್ಲಶ್ ಆದಮೇಲೆ ಇನ್ನಷ್ಟು ಕೀಳೋಣ ಅಂದರೆ ಅವನ ಹತ್ತಿರ ಏನೂ ಉಳಿದಿರುವುದಿಲ್ಲ.

ಆ 12 ಎಲೆಯೂ ಪೂರ್ತಿ ನಿಮ್ಮದಲ್ಲ. ಅವನ ಕೈಯಲ್ಲಿ ಎರಡು 7 ಇದ್ದರೆ ಒಟ್ಟು ಮೂರು 7 ಆಗುತ್ತದೆ, ಎಕ್ಕ ಬಂದರೂ ಪ್ರಯೋಜನವಿಲ್ಲ. ಆಟೀನ್ 2 ಅಥವಾ ಆಟೀನ್ ಜಾಕಿ ಬಂದರೆ ನಿಮಗೆ ಫ್ಲಶ್, ಅವನಿಗೆ ಫುಲ್ ಹೌಸ್ (ಮೂರು 7, ಜೊತೆಗೆ ಒಂದು ಜೋಡಿ), ಅದು ಫ್ಲಶ್‌ಗಿಂತ ಮೇಲು. ಆಗ ಉಳಿಯುವುದು 7 ಎಲೆ. ರಾಜ-ಜಾಕಿ ಹಿಡಿದು ಎರಡು ಜೋಡಿ ಮಾಡಿದ್ದರೂ ಎಕ್ಕ ಕೆಲಸಕ್ಕೆ ಬಾರದು. ರಾಜ-ರಾಣಿ ಥರದ ಕೈ ಇದ್ದರೆ ಮಾತ್ರ 12 ಎಲೆಯ ಲೆಕ್ಕ ನಿಲ್ಲುತ್ತದೆ, ಅದೂ ಬೆಲೆಗೆ ಸಾಲದು.

ನನಗೆ ಮುಖ್ಯ ಅನಿಸುವುದು ಬೇರೆ. ಅವನು ಆಟೀನ್ ರಾಣಿ, ಆಟೀನ್ 10 ಥರದ ಕೈಯಿಂದಲೂ ತಳ್ಳುತ್ತಾನಾ? ಆಗ ಬರೀ ಎಕ್ಕದ ಬಲದಲ್ಲೇ ನೀವು ಮುಂದಿದ್ದೀರಿ, ಸುಮಾರು 73%. ಹತ್ತರಲ್ಲಿ ಎರಡು ಸಲವಾದರೂ ಇಂಥ ಕೈ ಇರುತ್ತದೆ ಅಂದರೆ ಕಾಲ್ ಹೆಚ್ಚುಕಡಿಮೆ ಸರಿಹೋಗುತ್ತದೆ. ಅವನು ಗಟ್ಟಿ ಕೈ ಇಲ್ಲದೆ ಕದಲದ ಆಟಗಾರನಾದರೆ ನಿಮ್ಮ ಫೋಲ್ಡ್ ಸರಿ. ಹಳೇ ಹ್ಯಾಂಡ್ ಹಿಸ್ಟರಿ (ಆಡಿದ ಆಟಗಳ ದಾಖಲೆ) ತೆಗೆದು ನೋಡಿ. ಎಷ್ಟು ಬೇಗ ಬಟನ್ ಒತ್ತಿದ ಅನ್ನೋದನ್ನು ಸುಮ್ನೆ ನಂಬಬೇಡಿ. ನೆಟ್ ನಿಧಾನವಿದ್ದರೂ ತಡವಾಗುತ್ತದೆ.

ಪ್ರಶ್ನೆ ಕೇಳಿದವರು:
ನೋಡಿದೆ. ಅದೇ ಟೇಬಲ್‌ನಲ್ಲಿ ಹಿಂದೊಮ್ಮೆ ಟರ್ನ್‌ನಲ್ಲಿ ಬರೀ ಸ್ಟ್ರೇಟ್ ಡ್ರಾ (ಸಾಲಾಗಿ ಐದು ಎಲೆ ಆಗಲು ಒಂದು ಬಾಕಿ) ಇಟ್ಟುಕೊಂಡು ಆಲ್-ಇನ್ ಹೋಗಿದ್ದಾನೆ. ಎಲೆ ತೋರಿಸಬೇಕಾಗಿ ಬಂದಿತ್ತು.

ಉತ್ತರ 2:
ಒಂದೇ ಸಲ ಅಂದರೆ ಕಡಿಮೆ ಆಯಿತು, ಆದರೂ ಅವನ ಹೆಸರಿನ ಪಕ್ಕ ನೋಟ್ ಬರೆದಿಡಿ. ಇನ್ನೊಮ್ಮೆ ಹಾಗೇ ಮಾಡಿದ್ದು ಕಂಡರೆ, ಇದೇ ಬೆಲೆಗೆ ನಾನು ಕಾಲ್ ಮಾಡುತ್ತೇನೆ. 60ರ ಬದಲು 80 ತಳ್ಳಿದರೆ ಮಾತ್ರ 33% ಬೇಕಾಗುತ್ತದೆ. ಆಗ ಅವನು ಇನ್ನೂ ಜಾಸ್ತಿ ಸಲ ಡ್ರಾ ಇಟ್ಟುಕೊಂಡು ತಳ್ಳುವವನಾಗಿರಬೇಕು.