ಶುಗರ್ ರೋಗಿಗೆ ಲಿವರ್‌ನಲ್ಲಿ ಮತ್ತೆ ಕೀವು: ಕರುಳು ನೋಡಿಸಬೇಕಾ?

ಲಿಂಗಸುಗೂರು_ಜಿಪಿ
ರೋಗಿಗೆ 62 ವರ್ಷ, 12 ವರ್ಷದಿಂದ ಶುಗರ್. ಎಂಟು ತಿಂಗಳಲ್ಲಿ ಎರಡನೇ ಸಲ ಲಿವರ್‌ನಲ್ಲಿ ಕೀವು. ಎರಡೂ ಸಲ ಕಲ್ಚರ್‌ನಲ್ಲಿ (ಕೀವಿನಿಂದ ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆ) ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 7.2, ಹಿಮೋಗ್ಲೋಬಿನ್ ಕಡಿಮೆ, 9.1. ಪಿತ್ತಕೋಶ, ಪಿತ್ತನಾಳ ಸರಿ ಇವೆ. ಮಲದಲ್ಲಿ ರಕ್ತದ ಟೆಸ್ಟ್ ನೆಗೆಟಿವ್. ಶುಗರ್‌ನಿಂದಲೇ ಅಂತ ಬಿಡಬಹುದಾ, ರಾಯಚೂರಿಗೆ ಕೊಲೊನೊಸ್ಕೋಪಿಗೆ (ದೊಡ್ಡಕರುಳನ್ನು ಕ್ಯಾಮೆರಾ ನಳಿಕೆಯಿಂದ ನೋಡುವುದು) ಕಳಿಸಲಾ?

ಮೈಕ್ರೋ_ಬಳ್ಳಾರಿ
ಕಳಿಸಿ ಸರ್. ಶುಗರ್ ಇದ್ದವರಲ್ಲಿ ಕ್ಲೆಬ್ಸಿಯೆಲ್ಲಾ ಕೀವು ಹೊಸದಲ್ಲ, ಆದರೆ ಇಷ್ಟೇನೂ ಏರದ ಶುಗರ್‌ಗೆ ಎರಡು ಸಲ ಅಂದರೆ ಒಪ್ಪಲು ಕಷ್ಟ. ದೊಡ್ಡಕರುಳಿನಲ್ಲಿ ಕ್ಯಾನ್ಸರ್ ಗಡ್ಡೆಯಿದ್ದು ಒಳಪದರ ಹುಣ್ಣಾದರೆ ಬ್ಯಾಕ್ಟೀರಿಯಾ ಪೋರ್ಟಲ್ ರಕ್ತನಾಳ ಹಿಡಿದು ನೇರ ಲಿವರ್ ಸೇರುತ್ತದೆ. ಮಲದ ಟೆಸ್ಟ್ ನಂಬಬೇಡಿ, ಗಡ್ಡೆ ದಿನಾ ರಕ್ತ ಸುರಿಸುವುದಿಲ್ಲ. ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಕಬ್ಬಿಣ ಕಡಿಮೆಯಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ಆಗ ಶುಗರ್ ಮೇಲಿನ ಆರೋಪ ಇನ್ನೂ ಸಡಿಲ.

ಮುಂದೆ ಜ್ವರ ಬಂದರೆ ಆ್ಯಂಟಿಬಯಾಟಿಕ್‌ಗೆ ಮೊದಲೇ ಕಲ್ಚರ್‌ಗೆ ಎರಡು ಬೇರೆ ಜಾಗದಿಂದ ರಕ್ತ ತೆಗೆಯಿರಿ, ಬಾಟಲಿಗೆ 8–10 ಎಂಎಲ್. ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ (ಹಳೆಯ ಹೆಸರು ಬೋವಿಸ್) ಬಂದರೆ ಕೊಲೊನೊಸ್ಕೋಪಿ ಜೊತೆ ಹೃದಯದ ಎಕೋ ಕೂಡ. ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಬ್ಯಾಕ್ಟೀರಿಯಾ ಬಂದರೂ ಕರುಳು ನೋಡದೆ ಬಿಡುವಂತಿಲ್ಲ.

ಎಂಡೋ_ಕೊಪ್ಪಳ
ಕೊಲೊನೊಸ್ಕೋಪಿ ಈಗಲೇ ಬ್ಯಾಡ್ರಿ, ಜ್ವರ ಇಳಿದು ಆ್ಯಂಟಿಬಯಾಟಿಕ್ ಕೋರ್ಸ್ ಮುಗೀಲಿ. ಕೆಡೋದು ತಯಾರಿಯಾಗ. ಕಬ್ಬಿಣದ ಮಾತ್ರೆ 7 ದಿನ ಮೊದಲೇ ನಿಲ್ಲಿಸ್ರಿ, ಮಲ ಕರ್ರಗೆ ಅಂಟ್ಕೊಂಡು ಏನೂ ಕಾಣಂಗಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ 3 ದಿನ ಮೊದಲು ಬಂದ್. ಉಪವಾಸದಾಗ ಶುಗರ್ ಏರದೇನೇ ಕೀಟೋಆಸಿಡೋಸಿಸ್ (ರಕ್ತದಾಗ ಆಮ್ಲ ಏರೋದು) ಆಗ್ತದ. ನೀರಾಹಾರದ ದಿನ ಗ್ಲಿಮೆಪಿರೈಡ್ ಮಾತ್ರೆ ಬ್ಯಾಡ, ಶುಗರ್ ಲೋ ಆಗ್ತದ. ಇನ್ಸುಲಿನ್ ಪೂರ್ತಿ ಬಿಡಿಸಬ್ಯಾಡ್ರಿ, ಡೋಸ್ ಇಳಿಸ್ರಿ. ಹಿಂದಿನ 2–3 ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಬ್ಯಾಡ. ಬಿಳಿ ಅನ್ನ, ತಿಳಿ ಮಜ್ಜಿಗಿ ನಡೀತದ. ಕರುಳು ತೊಳೆಯೋ ಪಿಇಜಿ ದ್ರಾವಣ ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ 4–6 ತಾಸು ಮುಂಚೆ. ಕಿಡ್ನಿ ವೀಕ್ ಇದ್ದರ ಫಾಸ್ಫೇಟ್ ದ್ರಾವಣ ಮುಟ್ಟಬ್ಯಾಡ್ರಿ.

ಫಿಸಿಶಿಯನ್_ಸಿಂಧನೂರು
ಒಂದು ತಿದ್ದುಪಡಿ: ಇದನ್ನು ಓದಿ ಬೇರೆ ಸೋಂಕುಗಳಿಗೂ, ಅಂದರೆ ಪದೇ ಪದೇ ಉರಿಮೂತ್ರ ಬರುವ ಎಲ್ಲ ಶುಗರ್ ರೋಗಿಗಳನ್ನೂ ಕೊಲೊನೊಸ್ಕೋಪಿಗೆ ಅಟ್ಟಬೇಡಿ. ಮೊದಲು ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯುತ್ತದೆ ಅಂತ ಸ್ಕ್ಯಾನ್‌ನಲ್ಲಿ ನೋಡಿ. ಮೂತ್ರದಲ್ಲಿ ಗಾಳಿಗುಳ್ಳೆ ಬರುತ್ತಾ ಅಂತ ಬಾಯಿಬಿಟ್ಟು ಕೇಳಿ, ತಾವಾಗಿ ಯಾರೂ ಹೇಳುವುದಿಲ್ಲ. ಹೌದೆಂದರೆ ಕರುಳಿನಿಂದ ಮೂತ್ರಚೀಲಕ್ಕೆ ತೂತು ಬಿದ್ದಿರಬಹುದು. ಅದಕ್ಕೆ ಸಿಟಿ ಸ್ಕ್ಯಾನ್ ಮೊದಲು.