ಕಣ್ಣಿನ ಹಿಂದಿನ ಫಿಸ್ಟುಲಾ: ಕೂಡಲೇ ಮುಚ್ಚಿಸಬೇಕೇ, ಕಾಯಬಹುದೇ?

ಪ್ರಶ್ನೆ

ನಮ್ಮ ತಾಯಿಯವರಿಗೆ 62 ವರ್ಷ. ಕೆಲವು ತಿಂಗಳಿಂದ ಅವರ ಎಡಗಣ್ಣು ಕೆಂಪಾಗಿದ್ದು, ಮದ್ರಾಸ್ ಐ ಇರಬಹುದೆಂದು ಹಾಕಿದ ಹನಿಗಳಿಂದ ಗುಣವಾಗಲಿಲ್ಲ. ಈಗ ಕಣ್ಣುಗುಡ್ಡೆ ತುಸು ಮುಂದಕ್ಕೆ ಬಂದಿದೆ, ಎಡಕ್ಕೆ ನೋಡಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ, ಮಲಗಿದಾಗ ನಾಡಿ ಬಡಿದಂತೆಲ್ಲ ಕಿವಿಯಲ್ಲಿ 'ಉಸ್ ಉಸ್' ಎಂಬ ಸದ್ದು ಕೇಳುತ್ತದೆ. ಎಂಆರ್‌ಐ ನೋಡಿದ ವೈದ್ಯರು ಪರೋಕ್ಷ ಬಗೆಯ ಕೆರೋಟಿಡ್ ಕ್ಯಾವರ್ನಸ್ ಫಿಸ್ಟುಲಾ ಎಂದರು. ಅಂದರೆ ಕುತ್ತಿಗೆಯ ಕೆರೋಟಿಡ್ ಅಪಧಮನಿಯ ಸಣ್ಣ ಕವಲುಗಳಿಂದ ಕಣ್ಣಿನ ಹಿಂದಿನ ಕ್ಯಾವರ್ನಸ್ ಸೈನಸ್ ಎಂಬ ಅಭಿಧಮನಿ ಕೋಶಕ್ಕೆ ರಕ್ತ ನುಗ್ಗುವ ಅಸಹಜ ಸಂಪರ್ಕವಂತೆ. ಒಬ್ಬರು ಕಾಯೋಣ ಎನ್ನುತ್ತಾರೆ, ಇನ್ನೊಬ್ಬರು ಕಾಯಿಲ್ (ಫಿಸ್ಟುಲಾ ಮುಚ್ಚುವ ಸಣ್ಣ ಲೋಹದ ಸುರುಳಿ) ಹಾಕಿಸಿ ಎನ್ನುತ್ತಾರೆ. ಕುತ್ತಿಗೆಯ ರಕ್ತನಾಳವನ್ನು ಒತ್ತಿ ಹಿಡಿದರೂ ವಾಸಿಯಾಗುತ್ತದಂತೆ, ನಿಜವೇ?

ಉತ್ತರ 1 (ನೇತ್ರವೈದ್ಯೆ)

ಮದ್ರಾಸ್ ಐನಂತೆ ಈ ಕಾಯಿಲೆಯಲ್ಲಿ ಗೀಜು ಕಟ್ಟುವುದಿಲ್ಲ. ಬಿಳಿಗುಡ್ಡೆಯ ಮೇಲಿನ ರಕ್ತನಾಳಗಳು ದಪ್ಪವಾಗಿ, ಸುರುಳಿ ಸುತ್ತಿಕೊಂಡು ಕಾರ್ನಿಯಾದ ಅಂಚಿನವರೆಗೂ ಬರುತ್ತವೆ. ಅಪಧಮನಿಯ ರಕ್ತ ನೇರವಾಗಿ ಅಭಿಧಮನಿಗಳಿಗೆ ನುಗ್ಗುವುದರಿಂದ ಕಣ್ಣಿನ ರಕ್ತ ಹಿಂದಕ್ಕೆ ಹರಿಯಲಾಗದೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಆದ್ದರಿಂದ ಕಾಯುವುದೆಂದರೆ ಸುಮ್ಮನಿರುವುದಲ್ಲ. ಒತ್ತಡ, ದೃಷ್ಟಿ ಮತ್ತು ದೃಷ್ಟಿನರವನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಕಣ್ಣಿನ ಒತ್ತಡ ಇಳಿಸುವ ಟಿಮೊಲಾಲ್‌ನಂಥ ಹನಿಗಳು ನರವನ್ನು ಕಾಪಾಡಲು ನೆರವಾಗುತ್ತವೆಯೇ ಹೊರತು ಫಿಸ್ಟುಲಾವನ್ನು ಮುಚ್ಚುವುದಿಲ್ಲ. ತಾಯಿಯವರಿಗೆ ಆಸ್ತಮಾ ಇದ್ದರೆ ಆ ಹನಿಯನ್ನು ಬಳಸುವ ಮೊದಲೇ ವೈದ್ಯರಿಗೆ ತಿಳಿಸಿ.

ಉತ್ತರ 2 (ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್)

ನಿಮ್ಮ ಇಬ್ಬರು ವೈದ್ಯರ ಭಿನ್ನಾಭಿಪ್ರಾಯಕ್ಕೆ ಉತ್ತರ ಸಿಗುವುದು ಡಿಎಸ್‌ಎ ಆಂಜಿಯೋಗ್ರಾಮಿನಲ್ಲಿ, ಅಂದರೆ ರಕ್ತನಾಳಗಳಿಗೆ ಬಣ್ಣದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ ಪರೀಕ್ಷೆಯಲ್ಲಿ. ಈ ಫಿಸ್ಟುಲಾಗಳನ್ನು ವಿಂಗಡಿಸುವ 1985ರ ಬ್ಯಾರೋ ವರ್ಗೀಕರಣವು ರಕ್ತ ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳುತ್ತದೆ. ಆದರೆ ಎಷ್ಟು ಅವಸರವಿದೆ ಎಂಬುದನ್ನು ನಿರ್ಧರಿಸಲು ಅದು ಎತ್ತ ಹೋಗುತ್ತದೆ ಎಂಬುದನ್ನೂ ನೋಡಲೇಬೇಕು. ಮಿದುಳಿನ ಮೇಲ್ಮೈಯ ಅಭಿಧಮನಿಗಳಿಗೆ ಹಿಮ್ಮುಖವಾಗಿ ಹರಿಯುತ್ತಿದ್ದರೆ ರಕ್ತಸ್ರಾವದ ಅಪಾಯವಿರುವುದರಿಂದ ಕಾಯುವಂತಿಲ್ಲ. ದೃಷ್ಟಿ ಕುಂದುತ್ತಿದ್ದರೂ, ಒತ್ತಡ ಹನಿಗಳಿಗೆ ಬಗ್ಗದಿದ್ದರೂ ಅಷ್ಟೇ. ಇವು ಯಾವುವೂ ಇಲ್ಲದೆ ಹರಿವು ನಿಧಾನವಾಗಿದ್ದರೆ, ಕೆಲವರಲ್ಲಿ ರಕ್ತ ತಾನಾಗಿಯೇ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಕೊಳ್ಳುತ್ತದೆ.

ಚಿಕಿತ್ಸೆ ಬೇಕಾದಲ್ಲಿ ತಲೆಬುರುಡೆ ತೆರೆಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ತೊಡೆಸಂದಿನ ಅಭಿಧಮನಿಯಿಂದ ತೆಳುವಾದ ಕೊಳವೆಯನ್ನು (ಕ್ಯಾತಿಟರ್) ಕ್ಯಾವರ್ನಸ್ ಸೈನಸ್‌ವರೆಗೆ ಒಯ್ದು, ಪ್ಲಾಟಿನಂ ಕಾಯಿಲ್‌ಗಳನ್ನು, ಕೆಲವೊಮ್ಮೆ ಓನಿಕ್ಸ್ ಎಂಬ, ಒಳಗೆ ಗಟ್ಟಿಯಾಗುವ ದ್ರವವನ್ನು ತುಂಬುತ್ತೇವೆ. ಆ ದಾರಿ ಮುಚ್ಚಿದ್ದರೆ ಮೇಲ್ರೆಪ್ಪೆಯಲ್ಲಿ ಸಣ್ಣ ಗಾಯ ಮಾಡಿ ಕಣ್ಣಿನ ಅಭಿಧಮನಿಯ ಮೂಲಕ ಹೋಗುವುದುಂಟು. ಮುಚ್ಚಿದ ಮೇಲೂ ಕೆಲವು ದಿನ ಊತ ಹೆಚ್ಚಬಹುದು. ಆಗ ದೃಷ್ಟಿ ಮಂಜಾದರೆ ತಡಮಾಡದೆ ಬರಬೇಕು.

ಕುತ್ತಿಗೆ ಒತ್ತುವ ವಿಧಾನ ಇರುವುದು ನಿಜ. ಆದರೆ ಕೆರೋಟಿಡ್‌ನಲ್ಲಿ ಕೊಬ್ಬು ಕಟ್ಟಿದವರಿಗೆ ಅದರಿಂದ ಪಾರ್ಶ್ವವಾಯು ಬಡಿಯಬಹುದು. ರೋಗಿಯು ಎಡಗಡೆಯನ್ನು ಬಲಗೈಯಿಂದಲೇ ಒತ್ತಬೇಕು. ಮಿದುಳಿಗೆ ರಕ್ತ ಕಡಿಮೆಯಾದರೆ ಆ ಕೈಯೇ ಸೋತು ಕೆಳಗೆ ಬೀಳುತ್ತದೆ, ಒತ್ತಡ ತಪ್ಪುತ್ತದೆ. ವೈದ್ಯರು ಪರೀಕ್ಷಿಸಿ, ಎದುರಿಗೆ ಕೂರಿಸಿಕೊಂಡು ಕಲಿಸದ ಹೊರತು ಮನೆಯಲ್ಲಿ ದಯವಿಟ್ಟು ಪ್ರಯತ್ನಿಸಬೇಡಿ.

ಉತ್ತರ 3

ನಮ್ಮ ಯಜಮಾನರಿಗೆ ಬೈಕ್ ಅಪಘಾತದ ನಂತರ ಬಂದದ್ದು ನೇರ ಬಗೆಯದು, ಅಂದರೆ ಕೆರೋಟಿಡ್ ಅಪಧಮನಿಯೇ ಹರಿದು ಕ್ಯಾವರ್ನಸ್ ಸೈನಸ್‌ಗೆ ತೆರೆದುಕೊಂಡದ್ದು. ಅದರಲ್ಲಿ ರಕ್ತದ ರಭಸ ಹೆಚ್ಚಾದ್ದರಿಂದ ಕಾಯುವ ಮಾತೇ ಬರಲಿಲ್ಲ. ಹಾಗಾಗಿ ಅವರ ಅನುಭವವನ್ನು ನಿಮ್ಮ ತಾಯಿಯವರಿಗೆ ನೇರವಾಗಿ ಹೋಲಿಸಬೇಡಿ. ಕಾಯಿಲ್ ಹಾಕಿದ ಮೇಲೆ ಕಿವಿಯ ಸದ್ದು ಬೇಗ ನಿಂತಿತು, ಎರಡಾಗಿ ಕಾಣುವುದು ಹೋಗಲು ತಿಂಗಳುಗಳೇ ಹಿಡಿದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಚಿಕಿತ್ಸೆ ನೀಡುವ ವಿಭಾಗವಿದೆ. ಎಲ್ಲಿಗೆ ಹೋದರೂ ಎಂಆರ್‌ಐ ವರದಿಯ ಕಾಗದವಷ್ಟೇ ಅಲ್ಲದೆ ಚಿತ್ರಗಳ ಸಿಡಿಯನ್ನೂ ಒಯ್ಯಿರಿ.