ನಮ್ಮನೆ ಕಾಕಟೀಲ್ ಆದಿತಾಳಕ್ಕೆ ತಲೆದೂಗುತ್ತೆ. ಅದಕ್ಕೆ ನಿಜವಾಗಲೂ ಲಯ ಗೊತ್ತಾ?

ತಕದಿಮಿ, ಮೈಸೂರು

ಮೃದಂಗ ಕಲೀತಿದ್ದೀನಿ. ಬೆಳಿಗ್ಗೆ ಸಾಧನೆಗೆ ಕೂತರೆ ಸಾಕು, ನಮ್ಮ ಪುಟ್ಟಿ (ಕಾಕಟೀಲ್, ಗಿಳಿ ಜಾತಿಯ ಹಕ್ಕಿ, ಬೂದು ಬಣ್ಣದ್ದು) ಜುಟ್ಟು ನಿಮಿರಿಸಿಕೊಂಡು ತಲೆ ಮೇಲೆ ಕೆಳಗೆ ಮಾಡೋಕೆ ಶುರು. ಸರ್ವಲಘು (ಸರಳವಾದ ಸಮನಡೆ) ನುಡಿಸುವಾಗ ಚೆನ್ನಾಗಿ ಹೊಂದುತ್ತೆ. ಏಳು ಎಣಿಕೆಯ ಮಿಶ್ರಚಾಪು ತಾಳ ಎತ್ತಿಕೊಂಡರೆ ಸುಮ್ಮನಾಗಿ ರೆಕ್ಕೆ ಕೆದರಿಕೊಳ್ಳುತ್ತಾ ಕೂರುತ್ತೆ. "ಅದು ನಿನ್ನ ಕೈ ನೋಡಿ ಕುಣಿಯೋದು, ಕೇಳಿ ಅಲ್ಲ" ಅಂತ ನನ್ನ ತಮ್ಮ. ಗುರುಗಳಿಗೆ ವಿಡಿಯೊ ತೋರಿಸಿದರೆ "ಶಿಶುರ್ವೇತ್ತಿ ಪಶುರ್ವೇತ್ತಿ ವೇತ್ತಿ ಗಾನರಸಂ ಫಣಿಃ ಅಂತ ಸುಮ್ಮನೆ ಹೇಳಿದಾರೇನಯ್ಯಾ" ಅಂತ ನಕ್ಕರು (ಶಿಶು, ಪಶು, ಹಾವು ಎಲ್ಲಕ್ಕೂ ಗಾನರಸ ಗೊತ್ತು ಅಂತ ಅರ್ಥ). ನಾಯಿ ಮಾತ್ರ ಮೃದಂಗದ ಪಕ್ಕದಲ್ಲೇ ಗೊರಕೆ ಹೊಡೆಯುತ್ತೆ. ಹಕ್ಕಿಗೆ ಕೇಳಿಸೋದು ನಮಗೆ ಕೇಳಿಸೋ ಸಂಗೀತವೇನಾ?

ಕಾಡುಹಾದಿ

ಪಂಜರ, ಹಕ್ಕಿ ಅಂತ ನೋಡಿ ಜಗಳಕ್ಕೇ ಬಂದೆ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು, ಹೋಗಲಿ. ಇದನ್ನ ಓದಿ ಯಾರೂ ನಮ್ಮೂರಿನ ಹಸಿರು ಗಿಳಿ ಹಿಡಿದು ತಾಳ ಕಲಿಸೋಕೆ ಹೋಗಬೇಡಿ. ಅದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ವೀಣೆ ಕಿವಿ

ವೃತ್ತಿಯಲ್ಲಿ ಶ್ರವಣತಜ್ಞೆ, ಸಂಜೆ ಹೊತ್ತು ವೀಣೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ನಿಮ್ಮ ತಮ್ಮನ ಆಕ್ಷೇಪ ಗಟ್ಟಿಯಾದದ್ದು. ಅಮೆರಿಕದಲ್ಲಿ ಸ್ನೋಬಾಲ್ ಅನ್ನೋ ಕಾಕಟೂ (ಇದೂ ಜುಟ್ಟಿನ ಗಿಳಿ ಜಾತಿಯೇ) ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಅನ್ನೋ ಪಾಪ್ ತಂಡದ ಹಾಡಿಗೆ ಕುಣಿಯೋ ವಿಡಿಯೊ ಓಡಾಡಿದಾಗಲೂ ಜನ ಇದನ್ನೇ ಕೇಳಿದ್ದರು. ಅನಿರುದ್ಧ ಪಟೇಲ್ ಅನ್ನೋ ನರವಿಜ್ಞಾನಿ ಮತ್ತು ಸಂಗಡಿಗರು ಅದೇ ಹಾಡಿನ ಶ್ರುತಿ ಕದಲಿಸದೆ ವೇಗ ಮಾತ್ರ ಹೆಚ್ಚುಕಡಿಮೆ ಮಾಡಿ ಕೇಳಿಸಿದರು. ಹಕ್ಕಿ ತನ್ನ ಕುಣಿತದ ವೇಗವನ್ನೂ ಬದಲಾಯಿಸಿಕೊಂಡಿತು. ಹಾಡಿನ ಉದ್ದಕ್ಕೂ ಅಲ್ಲ, ನಡುನಡುವೆ ಸ್ವಲ್ಪ ಹೊತ್ತು ಹೊಂದುತ್ತಿತ್ತು, ಆಮೇಲೆ ತಪ್ಪುತ್ತಿತ್ತು. 2009ರಲ್ಲಿ ಅದು ಪ್ರಕಟವಾಯಿತು. ಗಿಳಿ ಜಾತಿಗೆ ಕೇಳಿದ್ದನ್ನು ಅನುಕರಿಸಿ ಧ್ವನಿ ಹೊರಡಿಸೋ ಶಕ್ತಿ ಇದೆ, ಅಂದರೆ ಮೆದುಳಿನಲ್ಲಿ ಕಿವಿಗೂ ಚಲನೆಗೂ ಬಿಗಿಯಾದ ನಂಟಿದೆ, ಲಯ ಅಲ್ಲಿಂದ ಬಂತು ಅನ್ನೋದು ಪಟೇಲರ ವಾದ. 2013ರಲ್ಲಿ ಅದಕ್ಕೊಂದು ತಕರಾರು ಬಂತು: ಕ್ಯಾಲಿಫೋರ್ನಿಯಾದ ರೋನನ್ ಅನ್ನೋ ಕಡಲಸಿಂಹ. ಧ್ವನಿ ಅನುಕರಣೆಗೆ ಹೆಸರಾದ ಪ್ರಾಣಿಯೇ ಅಲ್ಲ ಅದು, ಆದರೂ ತರಬೇತಿ ಕೊಟ್ಟ ಮೇಲೆ ಹೊಸ ಹಾಡುಗಳಿಗೂ ಲಯಕ್ಕೆ ತಕ್ಕಂತೆ ತಲೆ ಆಡಿಸಿತು.

ನನಗೆ ಇದಕ್ಕಿಂತ ರುಚಿ ಅನ್ನಿಸೋದು ಕೋತಿಗಳ ವಿಷಯ. ಮೆಟ್ರೊನೋಮ್‌ಗೆ (ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನೋ ಯಂತ್ರ) ಸರಿಯಾಗಿ ತಟ್ಟಲು ಮನುಷ್ಯರಿಗೆ ಹೇಳಿದರೆ ನಾವು ಏಟು ಬೀಳುವುದಕ್ಕಿಂತ ಒಂದು ಕೂದಲೆಳೆ ಮುಂಚೆಯೇ ತಟ್ಟುತ್ತೇವೆ. ಕಲಿಸಿದ ರೀಸಸ್ ಕೋತಿಗಳು ಸಾಮಾನ್ಯವಾಗಿ ಏಟು ಕೇಳಿದ ಮೇಲೆ ತಟ್ಟುತ್ತವೆ. ನಾವು ಕಾಯುತ್ತಿರುತ್ತೇವೆ ಅಂತಾಯಿತಲ್ಲ? ಕೈಕಾಲು ಆಡಿಸದೆ ಸುಮ್ಮನೆ ಕೇಳುತ್ತಾ ಮಲಗಿದ್ದರೂ ಮನುಷ್ಯರ ಮೆದುಳಿನಲ್ಲಿ ಚಲನೆಯ ಭಾಗಗಳು ಚುರುಕಾಗಿರುತ್ತವೆ. ಮಾಂಟ್ರಿಯಲ್‌ನಲ್ಲಿ ವ್ಯಾಲೊರಿ ಸಾಲಿಂಪೂರ್, ರಾಬರ್ಟ್ ಜಟೋರೆ ತಂಡ 2011ರಲ್ಲಿ ತೋರಿಸಿದ್ದು: ಹಾಡಿನಲ್ಲಿ ಮೈ ಜುಮ್ಮೆನ್ನೋ ಜಾಗ ಬಂದಾಗಷ್ಟೇ ಅಲ್ಲ, ಅದು ಬರುತ್ತೆ ಅಂತ ಕಾಯುವಾಗಲೂ ಡೋಪಮೈನ್ ಅನ್ನೋ, ಖುಷಿಗೆ ನಂಟಿರೋ ಮೆದುಳಿನ ರಾಸಾಯನಿಕ ಬಿಡುಗಡೆಯಾಗುತ್ತೆ, ಅದೂ ಮೆದುಳಿನ ಬೇರೆ ಜಾಗದಲ್ಲಿ. ನೀವು ಮುಕ್ತಾಯ ಕಟ್ಟಿ ಎಡುಪಿಗೆ (ತಾಳದಲ್ಲಿ ಹಾಡು ಶುರುವಾಗೋ ಜಾಗಕ್ಕೆ) ತಂದು ಇಳಿಸುವಾಗ ಸಭೆಯೆಲ್ಲ ಉಸಿರು ಬಿಗಿಹಿಡಿಯುತ್ತಲ್ಲ, ನನ್ನ ಲೆಕ್ಕದಲ್ಲಿ ಅದು ಇದೇ.

ಇನ್ನು ಗುರುಗಳ ಶ್ಲೋಕ. ಶಿಶು ಪಾಸು. ಹುಟ್ಟಿ ಎರಡು ಮೂರು ದಿನದ, ನಿದ್ದೆಯಲ್ಲಿದ್ದ ಕೂಸುಗಳಿಗೆ ಡ್ರಮ್ ಕೇಳಿಸುತ್ತಾ ಮೊದಲ ಏಟನ್ನು ಮಾತ್ರ ಬಿಟ್ಟರೆ ಅವುಗಳ ಮೆದುಳಿನ ಅಲೆ "ಏನೋ ತಪ್ಪಿತು" ಅಂತ ತೋರಿಸುತ್ತೆ. ಇದೂ 2009ರದ್ದೇ. ಅದೇ ಬಗೆಯ ಪರೀಕ್ಷೆಯಲ್ಲಿ ರೀಸಸ್ ಕೋತಿಗಳ ಮೆದುಳು ಆ ಗುರುತು ಕೊಡಲಿಲ್ಲ. ಫಣಿ ಫೇಲು. ಹಾವಿಗೆ ಹೊರಕಿವಿ ಇಲ್ಲ, ಕಿವಿತಮಟೆ ಇಲ್ಲ, ಒಳಕಿವಿ ಇದೆ. ನೆಲದ ಕಂಪನ, ಕೆಳಸ್ಥಾಯಿಯ ಸದ್ದು ತಿಳಿಯುತ್ತೆ. ಪುಂಗಿ ಮುಂದೆ ಅದು ತೂಗೋದು ಪುಂಗಿ ತೂಗುತ್ತೆ ಅಂತ.

ಲಯ ಬಿಟ್ಟು ರಾಗಕ್ಕೆ ಬಂದರೆ ಹಕ್ಕಿ ನಮ್ಮಿಂದ ಬಲುದೂರ. ಗಂಡಸರು ಹಾಡಿದ ಮೋಹನ ರಾಗವನ್ನೇ ಹೆಂಗಸರು ಮೇಲಿನ ಶ್ರುತಿಯಲ್ಲಿ ಹಾಡಿದರೂ ನಮಗೆ ಮೋಹನವೇ. ನಮ್ಮ ಗೊರವಂಕದ ಬಳಗದ ಸ್ಟಾರ್ಲಿಂಗ್ ಹಕ್ಕಿಗೆ ಒಂದು ಸ್ವರಮಾಲೆ ಕಲಿಸಿ ಶ್ರುತಿ ಏರಿಸಿದರೆ ಗುರುತು ತಪ್ಪುತ್ತೆ. 2016ರ ಪ್ರಯೋಗದಲ್ಲಿ ಗೊತ್ತಾದದ್ದು, ಅದು ಹಿಡಿಯೋದು ನಾದದ ಮೈಕಟ್ಟನ್ನು, ಸ್ವರಸ್ವರಗಳ ನಡುವಿನ ಅಂತರವನ್ನಲ್ಲ. ಹಾಗಂತ ಪುಟ್ಟಿಯನ್ನು ಕಡೆಗಣಿಸಬೇಡಿ. 2021ರಲ್ಲಿ ಜಪಾನಿನ ಒಂದು ಅಧ್ಯಯನದಲ್ಲಿ ಕಾಕಟೀಲ್‌ಗಳು ಕಲಿತ ಧಾಟಿಯನ್ನು ಧ್ವನಿಮುದ್ರಣದ ಜೊತೆಜೊತೆಗೇ ಸಿಳ್ಳೆ ಹಾಕಿದ್ದವು.

ಕೊಟ್ಟಿಗೆ ಮನೆ

ಮೇಡಂ, ಶಿಶು ಆಯ್ತು, ಫಣಿ ಆಯ್ತು, ಪಶು ಎಲ್ಲಿ ಹೋಯ್ತು? ನಮ್ಮ ಕಡೆ ಹಾಲು ಕರೆಯುವಾಗ ರೇಡಿಯೊ ಹಾಕೋರಿದ್ದಾರೆ. ಹಸು ಜಾಸ್ತಿ ಕೊಡುತ್ತೆ ಅಂತಾರೆ.

ವೀಣೆ ಕಿವಿ

ಸಿಕ್ಕಿಬಿದ್ದೆ ಸರ್! ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು 2001ರಲ್ಲಿ ನಿಧಾನಗತಿಯ ಸಂಗೀತ ಹಾಕಿದರೆ ಹಾಲು ಸುಮಾರು ಶೇ. 3ರಷ್ಟು ಹೆಚ್ಚುತ್ತೆ ಅಂದಿದ್ದರು. ವೇಗದ ಸಂಗೀತಕ್ಕೆ ಹೆಚ್ಚಲಿಲ್ಲ. ನನಗದು ಗಾನರಸ ಅನ್ನಿಸೋದಿಲ್ಲ. ಹೆದರಿದ ಹಸು ಹಾಲು ಇಳಿಸೋದಿಲ್ಲ ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ದಿನಾ ಅದೇ ಹೊತ್ತಿಗೆ ಅದೇ ಮೆಲುದನಿ ಕೇಳಿದರೆ ಅದಕ್ಕೆ ನಿರಾಳ. ಕರೆಯೋರು ಹಾಡಿಕೊಂಡರೂ ಸಾಕು.

ತಕದಿಮಿ, ಮೈಸೂರು

ತುಂಬಾ ಧನ್ಯವಾದ ಮೇಡಂ. ಹಾಗಾದರೆ ನಾಳೆ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ನುಡಿಸಿ ಪುಟ್ಟಿ ಏನು ಮಾಡುತ್ತೆ ನೋಡ್ತೀನಿ.

ವೀಣೆ ಕಿವಿ

ಅದೊಂದು ಮಾಡಬೇಡಿ! ನಮ್ಮ ಕಾಲಗಳು ಇಮ್ಮಡಿ ಇಮ್ಮಡಿಯಾಗಿ ಏರುತ್ತವೆ. ಹಕ್ಕಿ ತನ್ನ ಪಾಡಿಗೆ ಒಂದೇ ವೇಗದಲ್ಲಿ ತಲೆ ಆಡಿಸುತ್ತಿದ್ದರೂ ಮೂರು ಕಾಲಕ್ಕೂ ತಾಳ ಕೂತ ಹಾಗೇ ಕಾಣುತ್ತೆ, ನೀವು ಮೋಸಹೋಗ್ತೀರಿ. ನಿಮ್ಮದೇ ನುಡಿಸಾಣಿಕೆ ರೆಕಾರ್ಡ್ ಮಾಡಿ. ನಿಮಿಷಕ್ಕೆ 100 ಏಟು, 112, 90 ಹೀಗೆ ಅಡ್ಡಾದಿಡ್ಡಿ ವೇಗ ಇರಲಿ. ಸ್ಪೀಕರ್ ಇಟ್ಟು ನೀವು ಕೋಣೆಯಿಂದ ಹೊರಗೆ ಹೋಗಿ, ಕ್ಯಾಮೆರಾ ಮಾತ್ರ ಇರಲಿ. ಆಮೇಲೆ ವಿಡಿಯೊ ಸದ್ದು ತೆಗೆದು ತಲೆ ಆಡಿಸಿದ್ದನ್ನು ತಮ್ಮನ ಕೈಲಿ ಎಣಿಸಿ. ಯಾವ ತುಣುಕು ಯಾವ ವೇಗದ್ದು ಅಂತ ಅವನಿಗೆ ಹೇಳಬೇಡಿ.